ಅರಿಶಿಣ ಬಳಿದುಕೊಂಡ ಕಪ್ಪೆ, ನಾನು ಬರೆದ ತಪ್ಪು ಸುದ್ದಿ

ಆರೇಳು ವರ್ಷದ ಹಿಂದಿನ ಮಾತು. ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಸಾರ್, ರಾತ್ರಿ ಭಾರಿ ಮಳೆ. ನಮ್ಮೂರ ಗೋಕಟ್ಟೇಲಿ ಹಳದಿ ಕಪ್ಪೆ ಬಂದಾವೆ. ಹತ್ತಿಪ್ಪತ್ತಲ್ಲ, ಲೆಕ್ಕಕ್ಕೇ ಸಿಗಲ್ಲ. ಯಾವ್ದೋ ಫಾರಿನ್ ಕಪ್ಪೆ ಇರಬೇಕು, ಬೇಗ ಬನ್ನಿ."

ಬೈಕ್ ಹತ್ತಿ ಹೋದೆ. ನಿಜವೇ. ಕೆಸರು ನೀರಿನಲ್ಲಿ ನಿಂಬೆಹಣ್ಣಿನ ಬಣ್ಣದ ಅಂಗೈಯಗಲದ ಕಪ್ಪೆಗಳು. ಗಂಟಲಿನ ಎರಡೂ ಬದಿಗೆ ನೀಲಿ ಬಲೂನು ಕಟ್ಟಿದ ಹಾಗೆ ಉಬ್ಬು. ಒಂದರ ಮೇಲೊಂದು ಬಿದ್ದು ಜಗಳ. ನಾಲ್ಕು ಫೋಟೊ ತೆಗೆದೆ, ನಿಂತಿದ್ದ ಇಬ್ಬರನ್ನು ಮಾತಾಡಿಸಿದೆ, ಅಲ್ಲೇ ಕೂತು ಸುದ್ದಿ ಟೈಪ್ ಮಾಡಿ ಕಳಿಸಿದೆ. "ಗೋಕಟ್ಟೆಯಲ್ಲಿ ವಿಚಿತ್ರ ಹಳದಿ ಕಪ್ಪೆ: ಗ್ರಾಮಸ್ಥರಲ್ಲಿ ಆತಂಕ". ವಿಷದ ಕಪ್ಪೆ ಇರಬಹುದೆಂದು ಒಬ್ಬರು ಅಂದಿದ್ದರು. ಅದನ್ನೂ ಸೇರಿಸಿದ್ದೆ. ನಿಜ ಹೇಳಬೇಕೆಂದರೆ, ಸುದ್ದಿ ಬರುವವರೆಗೆ ಅಲ್ಲಿ ಯಾರಿಗೂ ಆತಂಕ ಇರಲಿಲ್ಲ.

ಮೂರನೇ ದಿನ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಕಟ್ಟೆ ಏರಿಯ ಮೇಲೆ ಸತ್ತ ಕಪ್ಪೆಗಳು ಬಿದ್ದಿದ್ದವು. ಹುಡುಗರು ದೊಣ್ಣೆಯಲ್ಲಿ ಬಡಿದಿದ್ದರು. ದನಕರು ನೀರು ಕುಡಿಯುವ ಜಾಗ, ವಿಷ ಅಂತ ಪೇಪರಿನಲ್ಲೇ ಬಂದಿದೆ, ಅವರದೇನು ತಪ್ಪು? ಅಲ್ಲಿ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ನನ್ನ ಕೊರಳಲ್ಲಿದ್ದ ಐಡಿ ಕಾರ್ಡ್ ನೋಡಿ ಕೇಳಿದರು. "ನೀನೇನಪ್ಪಾ ಬರ್ದಿದ್ದು? ಅದು ಗೊಂಕುರು ಕಪ್ಪೆ ಕಣಪ್ಪ. ಮೊದಲ ಮಳೆಗೆ ಗಂಡು ಹಂಗೆ ಅರಿಶಿಣ ಬಳ್ಕಂತದೆ. ಮದುವೆ ಗಂಡು ಅದು. ನಾಲ್ಕು ದಿನ ಬಿಟ್ಟಿದ್ರೆ ಅದೇ ಮಾಮೂಲಿ ಬಣ್ಣಕ್ಕೆ ಬರ್ತಿತ್ತು."

ಆ ತಾತನಿಗೆ ಗೊತ್ತಿದ್ದದ್ದು ಡಿಪ್ಲೊಮಾ ಮಾಡಿದ ನನಗೆ ಯಾಕೆ ಗೊತ್ತಿರಲಿಲ್ಲ? ನಮ್ಮ ಕೆರೆಯ ಕಪ್ಪೆಗಳನ್ನು ಮೊದಲು ಗುರುತಿಸಿ ಹೆಸರಿಟ್ಟವರು ಯಾರು? ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅದರ ಕಥೆ ಇದು.

ಮೊದಲು ಕಿವಿ, ಆಮೇಲೆ ಕಣ್ಣು

ಕಪ್ಪೆಯನ್ನು ಗುರುತಿಸುವ ಕೆಲಸ ಪುಸ್ತಕದಿಂದ ಶುರುವಾಗಿದ್ದಲ್ಲ. ಋಗ್ವೇದದ ಏಳನೇ ಮಂಡಲದ 103ನೇ ಸೂಕ್ತ ಪೂರ್ತಿ ಕಪ್ಪೆಗಳ ಮೇಲಿದೆ. ಒಂದರ ದನಿ ಹಸುವಿನದು, ಇನ್ನೊಂದರದು ಆಡಿನದು, ಒಂದು ಚುಕ್ಕೆಯದು, ಇನ್ನೊಂದು ಹಸಿರು ಎಂದು ಅದರಲ್ಲಿ ಬೇರೆ ಬೇರೆ ಮಾಡಿ ಹೇಳಲಾಗಿದೆ. ದನಿ ಮತ್ತು ಬಣ್ಣ. ಇವತ್ತಿನ ವಿಜ್ಞಾನಿ ಕಾಡಿಗೆ ಹೋದರೂ ಮೊದಲು ಗಮನಿಸುವುದು ಇವೆರಡನ್ನೇ.

ನಮ್ಮ ಜಿಲ್ಲೆಯಲ್ಲಿ ಕಪ್ಪೆಯ ಕಥೆ ಅಂದರೆ ಕೆರೆಯ ಕಥೆ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದು ನಾಲ್ಕನೇ ಶತಮಾನದ್ದು. ಅದರಲ್ಲಿರುವ ವಿಷಯ ಒಂದು ಕೆರೆಯ ಕೆಲಸ. ಆಮೇಲೆ ನಾಯಕರ ಕಾಲದಲ್ಲಿ ಕೋಟೆಯ ಮೇಲೆ ಬಿದ್ದ ಮಳೆ ವ್ಯರ್ಥವಾಗದ ಹಾಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಮೇಲಿನಿಂದ ಕೆಳಗೆ ನೀರು ಹಿಡಿದರು. ಮನುಷ್ಯರಿಗೆಂದು ಕಟ್ಟಿದ ಈ ಕೆರೆ, ಕಟ್ಟೆ, ಹೊಂಡಗಳೇ ಒಣಸೀಮೆಯ ಕಪ್ಪೆಗಳಿಗೆ ತವರಾದವು. ಮಳೆಗಾಲ ಮುಗಿದರೂ ಸ್ವಲ್ಪ ನೀರು ಉಳಿಯುವ ಜಾಗ ಇಲ್ಲಿ ಬೇರೆ ಇರಲಿಲ್ಲ.

ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡುವುದು, ಕಪ್ಪೆ ಕೂಗಿದರೆ ಮಳೆ ಎನ್ನುವುದು ನಮಗೆಲ್ಲ ಗೊತ್ತು. ಹದ ನೋಡಿ ಬಿತ್ತುವವನಿಗೆ ಯಾವ ಕಪ್ಪೆ ಯಾವಾಗ ಕೂಗಿತು ಎಂಬುದು ಬೇಕಾಗಿತ್ತು. ಆದ್ದರಿಂದ ತಿಳಿದಿತ್ತು. ಆದರೆ ಯಾರೂ ಬರೆದಿಡಲಿಲ್ಲ.

1799: ಟಿಪ್ಪು ಸತ್ತ ವರ್ಷ ನಮ್ಮ ಕಪ್ಪೆಗಳಿಗೆ ನಾಮಕರಣ

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ. ಅದೇ ವರ್ಷ ಜರ್ಮನಿಯಲ್ಲಿ ಯೊಹಾನ್ ಗಾಟ್ಲಾಬ್ ಶ್ನೈಡರ್ ಎಂಬ ವಿದ್ವಾಂಸ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅವನು ಭಾರತ ನೋಡಿದವನಲ್ಲ. ಇಲ್ಲಿಂದ ಹಡಗಿನಲ್ಲಿ ಹೋಗಿ ಅಲ್ಲಿನ ಸಂಗ್ರಹಗಳಲ್ಲಿದ್ದ ಸತ್ತ ಕಪ್ಪೆಗಳನ್ನು ನೋಡಿ ವಿವರ ಬರೆದ. ನೀವು ದಿನಾ ನೋಡುವ ಕಪ್ಪೆಗಳಲ್ಲಿ ನಾಲ್ಕಕ್ಕೆ ವೈಜ್ಞಾನಿಕ ಹೆಸರು ಬಂದದ್ದು ಆ ಒಂದೇ ಪುಸ್ತಕದಿಂದ.

ಮನೆಯ ಲೈಟಿನ ಕೆಳಗೆ ಹುಳು ಹಿಡಿಯಲು ಬಂದು ಕೂರುವ ನೆಲಗಪ್ಪೆಗೆ ಅವನು ಮೆಲನೊಸ್ಟಿಕ್ಟಸ್ ಎಂದ. ಕಪ್ಪು ಚುಕ್ಕೆಯದು ಎಂದು ಅರ್ಥ. ನೀರಿನ ಮೇಲೆ ಚಿಮ್ಮುತ್ತಾ ಓಡುವ ಕಪ್ಪೆಗೆ ಸಯನೊಫ್ಲಿಕ್ಟಿಸ್, ಹೊಲದ ಮಣ್ಣಿನಲ್ಲಿ ಹೂತುಕೊಳ್ಳುವ ಕಪ್ಪೆಗೆ ಬ್ರೆವಿಸೆಪ್ಸ್, ಅಂದರೆ ಗಿಡ್ಡ ತಲೆಯದು. ಮುಟ್ಟಿದರೆ ಚೆಂಡಿನ ಹಾಗೆ ಊದಿಕೊಳ್ಳುವ ದುಂಡು ಕಪ್ಪೆಗೆ ಸಿಸ್ಟೋಮ. ನಾನು ತಪ್ಪು ಬರೆದ ಗೊಂಕುರು ಕಪ್ಪೆಗೆ ಮೂರು ವರ್ಷದ ನಂತರ, 1802ರಲ್ಲಿ, ದೋದಾಂ ಎಂಬ ಫ್ರೆಂಚ್ ವಿಜ್ಞಾನಿ ಹುಲಿಯ ನೆನಪು ತರುವ ಟೈಗ್ರಿನಾ ಎಂಬ ಹೆಸರು ಕೊಟ್ಟ.

ಸೀಸೆಯಲ್ಲಿ ನೆನೆದ ಕಪ್ಪೆಗೆ ಬಣ್ಣ ಉಳಿಯುವುದಿಲ್ಲ, ದನಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಆ ಕಾಲದ ಗುರುತೆಲ್ಲ ಅಳತೆ, ಬೆರಳು, ಹಲ್ಲು, ಚರ್ಮದ ಗುಳ್ಳೆಗಳ ಮೇಲೆ ನಿಂತಿತ್ತು. ಮದ್ರಾಸಿನಲ್ಲಿ ಕಂಪನಿ ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1850ರ ದಶಕದಲ್ಲಿ ದಕ್ಷಿಣ ಭಾರತದ ಪಟ್ಟಿ ಮಾಡಿದ. 1890ರಲ್ಲಿ ಲಂಡನ್ನಿನ ಮ್ಯೂಸಿಯಂನ ಬೌಲೆಂಜರ್ ಬ್ರಿಟಿಷ್ ಇಂಡಿಯಾದ ಹಾವು, ಹಲ್ಲಿ, ಕಪ್ಪೆಗಳನ್ನೆಲ್ಲ ಸೇರಿಸಿ ದೊಡ್ಡ ಪುಸ್ತಕ ತಂದ. ಬೆರಳ ತುದಿಯಲ್ಲಿ ಬಿಲ್ಲೆ ಇದೆಯೇ? ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಹೀಗೆ ಪ್ರಶ್ನೆ ಕೇಳುತ್ತಾ ಹೆಸರಿಗೆ ತಲುಪಿಸುವ ಕ್ರಮ ಅದರಲ್ಲಿತ್ತು. ಇಂದಿನ ಗೈಡ್ ಪುಸ್ತಕಗಳೂ ಆ ದಾರಿ ಬಿಟ್ಟಿಲ್ಲ.

ನಮ್ಮವರೇ ಹೆಸರಿಟ್ಟ ಕಾಲ

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಕೈಗೆತ್ತಿಕೊಂಡವರು ಸಿ.ಆರ್. ನಾರಾಯಣ ರಾವ್. 1882ರಲ್ಲಿ ಹುಟ್ಟಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದವರು. 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಸಕಲೇಶಪುರ, ಕೆಂಪುಹೊಳೆ ಕಡೆಯ ಮಲೆನಾಡಿನ ಕಪ್ಪೆಗಳನ್ನು ಪರೀಕ್ಷಿಸಿ, 1937ರಲ್ಲಿ ಒಂದು ಲೇಖನದಲ್ಲಿ ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದರು.

ಇಲ್ಲಿಯೇ ದುಃಖದ ಸಂಗತಿ ಇರುವುದು. ಹೊಸ ಕಪ್ಪೆಗೆ ಹೆಸರಿಟ್ಟರೆ, ಆ ಹೆಸರು ಯಾವುದಕ್ಕೆ ಎಂದು ತೋರಿಸಲು ಒಂದು ಮಾದರಿಯನ್ನು ಕಾಪಾಡಿ ಇಡಬೇಕು. ಜಮೀನಿಗೆ ಗಡಿಕಲ್ಲು ಇದ್ದ ಹಾಗೆ ಅದು. ರಾಯರು ಕಾಲೇಜಿನಲ್ಲಿ ಇಟ್ಟಿದ್ದ ಮಾದರಿಗಳು ಅವರ ನಂತರ ಕಳೆದುಹೋದವು. ಹೆಸರು ಕಾಗದದಲ್ಲಿ ಉಳಿಯಿತು, ಗಡಿಕಲ್ಲು ಇಲ್ಲ. ಮುಂದೆ ಬಂದವರಿಗೆ ರಾಯರು ನೋಡಿದ್ದು ಇದೇ ಕಪ್ಪೆಯೋ ಬೇರೆಯೋ ಎಂದು ತೀರ್ಮಾನಿಸುವುದೇ ದೊಡ್ಡ ಕಷ್ಟವಾಯಿತು.

2010ರ ನವೆಂಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಅವರ ತಂಡ ಭಾರತದ ಕಳೆದುಹೋದ ಕಪ್ಪೆಗಳನ್ನು ಹುಡುಕುವ ಅಭಿಯಾನ ಶುರು ಮಾಡಿತು. ಮರುವರ್ಷ ಮತ್ತೆ ಸಿಕ್ಕವು ಎಂದು ಪ್ರಕಟಿಸಿದ ಕಪ್ಪೆಗಳಲ್ಲಿ ರಾಯರು 1937ರಲ್ಲಿ ಎಲೆಗನ್ಸ್ ಎಂದು ಕರೆದದ್ದೂ ಒಂದು. ಎಪ್ಪತ್ತಕ್ಕೂ ಹೆಚ್ಚು ವರ್ಷ ಅದು ಇದೆಯೋ ಇಲ್ಲವೋ ಎಂಬುದೇ ವಿಜ್ಞಾನಕ್ಕೆ ಗೊತ್ತಿರಲಿಲ್ಲ. 2010ರಲ್ಲೇ ಪುಟ್ಟ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ರಾಯರ ನೆನಪಿಗೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ನಮ್ಮ ಅಂಗಳದ ನೆಲಗಪ್ಪೆಯ ಕುಲಕ್ಕೂ ಈಗ ದತ್ತಾಫ್ರೈನಸ್ ಎಂಬ ಹೆಸರಿದೆ. ಅದು ಕಪ್ಪೆಗಳ ಬಗ್ಗೆ ಜೀವಮಾನವಿಡೀ ದುಡಿದ ಭಾರತೀಯ ವಿಜ್ಞಾನಿ ಎಸ್.ಕೆ. ದತ್ತ ಅವರ ಗೌರವಕ್ಕೆ.

ಟನ್ ಲೆಕ್ಕದಲ್ಲಿ ಹೋದ ಕಾಲು

ಹೆಸರು ತಿಳಿದವರೆಲ್ಲ ಉಳಿಸಲಿಲ್ಲ. ಗೊಂಕುರು ಕಪ್ಪೆ ದೊಡ್ಡದು, ಹಿಂಗಾಲಿನಲ್ಲಿ ಮಾಂಸ ಇದೆ. ಯೂರೋಪ್, ಅಮೆರಿಕದ ಹೋಟೆಲುಗಳಿಗೆ ಭಾರತದಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆ ಕಾಲು ಹಡಗೇರಿತು. ಗದ್ದೆಯ ಕೀಟ ತಿನ್ನುವ ಪ್ರಾಣಿಯನ್ನು ಹೊರಗೆ ಕಳಿಸಿ, ಕೀಟನಾಶಕಕ್ಕೆ ದುಡ್ಡು ಸುರಿಯುವುದು ಎಂಥ ವ್ಯಾಪಾರ ಎಂಬ ಪ್ರಶ್ನೆ ಎದ್ದಿತು. 1985ರಲ್ಲಿ ಈ ಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಲ್ಲಿಸಿತು.

ಇನ್ನು ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೊಯ್ದವರು ನಮ್ಮ ಓದುಗರಲ್ಲೂ ಇದ್ದೀರಿ. ಹೃದಯ ಎಲ್ಲಿದೆ, ನರ ಎಲ್ಲಿದೆ ಎಂದು ಕಲಿತೆವು. ಆದರೆ ಟ್ರೇನಲ್ಲಿ ಮಲಗಿದ್ದ ಕಪ್ಪೆ ಕೆರೆಯಲ್ಲಿ ಹೇಗೆ ಕೂಗುತ್ತದೆ ಎಂದು ಯಾರೂ ಕಲಿಸಲಿಲ್ಲ.

ಬಯಲುಸೀಮೆಯಲ್ಲಿ ಏನಿದೆ ಎನ್ನುವವರಿಗೆ

ಹೊಸ ಕಪ್ಪೆ ಅಂದರೆ ಎಲ್ಲರೂ ಹೋಗುವುದು ಪಶ್ಚಿಮ ಘಟ್ಟಕ್ಕೆ. ಹೋಗಲೇಬೇಕು, ಅಲ್ಲಿ ಅಷ್ಟು ವೈವಿಧ್ಯವಿದೆ. ಕೆ.ವಿ. ಗುರುರಾಜ ಅವರು 2012ರಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಚಿತ್ರ ಕೈಪಿಡಿ ತಂದರು. 2014ರಲ್ಲಿ ಅವರ ತಂಡ ಉತ್ತರ ಕನ್ನಡದ ಕಾಡಿನ ಒಂದು ಕಪ್ಪೆಗೆ ಅಚ್ಚ ಕನ್ನಡದಲ್ಲಿ ಕುಂಬಾರ ಎಂದೇ ಹೆಸರಿಟ್ಟಿತು. ಅದರ ಗಂಡು ಮುಂಗಾಲಿನಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಅದಕ್ಕೆ. 2016ರಲ್ಲಿ ಮಣಿಪಾಲದ ಸುತ್ತಿನ ಮುರಕಲ್ಲು ಬಯಲಿನಲ್ಲಿ ಇನ್ನೊಂದು ಪುಟ್ಟ ಕಪ್ಪೆ ಸಿಕ್ಕಿತು.

ಆದರೆ 2020ರಲ್ಲಿ ಹೆಸರು ಪಡೆದ ಕಪ್ಪೆ ನಮಗೆ ಹೆಚ್ಚು ಹತ್ತಿರದ್ದು. ಬೆಂಗಳೂರಿನ ಹೊರವಲಯದ ಬರಡು ನೆಲದಲ್ಲಿ ಸಿಕ್ಕ ಹೂತುಕೊಳ್ಳುವ ಕಪ್ಪೆಯೊಂದು ಹೊಸದೆಂದು ತಿಳಿಯಿತು. ಹೆಸರು ಸ್ಫೀರೊಥೀಕಾ ಬೆಂಗಳೂರು. ಕಾಡಲ್ಲ, ಘಟ್ಟವಲ್ಲ, ನಮ್ಮ ಹಾಗೇ ಬಯಲು. 1799ರ ಬ್ರೆವಿಸೆಪ್ಸ್ ಕುಲದ್ದೇ ಈ ಕಪ್ಪೆ. ನೋಡಲು ಒಂದರ ಹಾಗೆ ಇನ್ನೊಂದು. ಮೂಳೆ, ಅಳತೆ, ಡಿಎನ್‌ಎ ಹೋಲಿಸಿದಾಗ ಬೇರೆ ಎಂದು ಗೊತ್ತಾಯಿತು. ಲಕ್ಷಾಂತರ ಜನ ಓಡಾಡುವ ಮಹಾನಗರದ ಪಕ್ಕದಲ್ಲೇ ಹೀಗಾದರೆ, ಹೊಸದುರ್ಗದ ಕಲ್ಲುಗುಡ್ಡದ ತಪ್ಪಲು, ಜೋಗಿಮಟ್ಟಿಯ ಕುರುಚಲು, ಹೊಳಲ್ಕೆರೆಯ ಅಡಿಕೆ ತೋಟದ ಕಾಲುವೆ ಇವನ್ನೆಲ್ಲ "ಅಲ್ಲೇನಿದೆ, ಮಾಮೂಲಿ ಕಪ್ಪೆ" ಎಂದು ಬಿಡುವಂತಿಲ್ಲ.

ನಮ್ಮ ಸುತ್ತಿನ ಆರು ಕಪ್ಪೆ, ಗುರುತು ಹೀಗೆ

ನೆಲಗಪ್ಪೆ: ಒಣ ಚರ್ಮ, ಮೈತುಂಬ ಗುಳ್ಳೆ, ತಲೆಯ ಮೇಲೆ ಕಪ್ಪು ಏಣು. ಕಣ್ಣಿನ ಹಿಂದೆ ಎರಡು ಉಬ್ಬು ಗ್ರಂಥಿ. ಕುಪ್ಪಳಿಸುವುದು ಕಡಿಮೆ, ತೆವಳಿದ ಹಾಗೆ ನಡಿಗೆ. ಮೊಟ್ಟೆಯನ್ನು ಕಪ್ಪು ಮಣಿ ಪೋಣಿಸಿದ ದಾರದ ಹಾಗೆ ಇಡುತ್ತದೆ. ಮುಟ್ಟಿದರೆ ನರೂಲಿ ಬರುತ್ತದೆ ಎಂಬುದು ಸುಳ್ಳು. ಗ್ರಂಥಿಯ ಹಾಲು ಕಣ್ಣಿಗೆ ತಾಗಿದರೆ ಮಾತ್ರ ಉರಿ, ಮುಟ್ಟಿದ ಮೇಲೆ ಕೈ ತೊಳೆದರೆ ಸಾಕು.

ಚಿಮ್ಮುವ ಕಪ್ಪೆ: ಕೆರೆ ಅಂಚಿನಲ್ಲಿ ಕಣ್ಣು ಮಾತ್ರ ಮೇಲಿಟ್ಟು ತೇಲುತ್ತಿರುತ್ತದೆ. ಹತ್ತಿರ ಹೋದರೆ ಮಕ್ಕಳು ಎಸೆದ ಬಿಲ್ಲೆಗಲ್ಲಿನ ಹಾಗೆ ನೀರಿನ ಮೇಲೇ ಹಾರುತ್ತಾ ಹೋಗುತ್ತದೆ. ವರ್ಷವಿಡೀ ನೀರಿರುವಲ್ಲಿ ಇದು ಖಾಯಂ.

ಗೊಂಕುರು ಕಪ್ಪೆ: ಎಲ್ಲಕ್ಕಿಂತ ದೊಡ್ಡದು. ಬೆನ್ನಿನ ಮೇಲೆ ಉದ್ದುದ್ದ ಮಡಿಕೆ, ಸಾಮಾನ್ಯವಾಗಿ ನಡುವೆ ಒಂದು ತಿಳಿ ಗೆರೆ. ಬೇರೆ ದಿನ ಹಸಿರು ಅಥವಾ ಕಂದು. ಜೋಡಿಯಾಗುವ ಕಾಲಕ್ಕೆ ಗಂಡು ಅಚ್ಚ ಹಳದಿ, ಗಂಟಲ ಚೀಲ ನೀಲಿ. ದನಿ ಕೊಡದೊಳಗೆ ಕೂಗಿದ ಹಾಗೆ.

ಹೂತುಕೊಳ್ಳುವ ಕಪ್ಪೆ: ದಪ್ಪ, ಗಿಡ್ಡ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಿಯಂಥ ಗಟ್ಟಿ ಉಬ್ಬು. ಹಿಮ್ಮುಖವಾಗಿ ಮಣ್ಣು ತೋಡುತ್ತಾ ಇಳಿಯುತ್ತದೆ. ಬೇಸಿಗೆಯಲ್ಲಿ ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕರೆ ಸತ್ತಿದೆ ಎಂದು ಎಸೆಯಬೇಡಿ. ನೆರಳಿನ ಸಡಿಲ ಮಣ್ಣಿಗೆ ಬಿಡಿ, ಮತ್ತೆ ಇಳಿಯುತ್ತದೆ. ಊದಿಕೊಳ್ಳುವ ದುಂಡು ಕಪ್ಪೆಯೂ ಹೀಗೇ ನೆಲದೊಳಗಿನದು, ಇದರ ಮುಸುಡಿ ಮಾತ್ರ ತೀರಾ ಚಿಕ್ಕದು. ಗೆದ್ದಲು, ಇರುವೆ ಇದರ ಊಟ. ಮೊದಲ ಮಳೆಗಳಲ್ಲಿ ಹೊರಬಂದು ಮತ್ತೆ ಮಾಯ.

ಮರಗಪ್ಪೆ: ಬಚ್ಚಲುಮನೆ ಗೋಡೆಗೆ, ನಲ್ಲಿಯ ಹಿಂದೆ ಅಂಟಿ ಕೂರುವುದು ಇದೇ. ಬೆರಳ ತುದಿಯಲ್ಲಿ ದುಂಡು ಬಿಲ್ಲೆ, ತೊಡೆಯ ಒಳಗೆ ಹಳದಿ ಚುಕ್ಕೆ. ತೊಟ್ಟಿಯ ಗೋಡೆಗೆ ಸೋಪಿನ ನೊರೆಯಂಥದ್ದು ಕಂಡರೆ ತೊಳೆಯಬೇಡಿ, ಅದರೊಳಗೆ ಮೊಟ್ಟೆ ಇರುತ್ತದೆ. ಅಲ್ಲಿಂದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ.

ಪುಟ್ಟ ಬಾಯಿಯ ಕಪ್ಪೆ: ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಬೆನ್ನ ಮೇಲೆ ಬರೆದ ಹಾಗೆ ಕಪ್ಪು ಚಿತ್ತಾರ. ಮಳೆ ರಾತ್ರಿ ಜೀರುಂಡೆಯೇ ಎಂದು ಮೋಸ ಹೋಗುವಂಥ ಜೋರು ದನಿ. ಇದರ ಗೊದಮೊಟ್ಟೆಗಳು ಗಾಜಿನ ಹಾಗೆ ಪಾರದರ್ಶಕ.

ಕೋಡಿ ಬಿದ್ದ ಮೇಲೆ

1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ. ಎರಡೂ ಸಲ ನಾನು ವರದಿ ಮಾಡಿದೆ. ಎಷ್ಟು ಅಡಿ ನೀರು, ಯಾರು ಬಾಗಿನ ಬಿಟ್ಟರು, ಎಷ್ಟು ಎಕರೆ ತೋಟ ಮುಳುಗಿತು, ಎಲ್ಲ ದಾಖಲೆಯಲ್ಲಿದೆ. ಕೆರೆಕಟ್ಟೆ ತುಂಬಿದ ಆ ರಾತ್ರಿಗಳಲ್ಲಿ ಯಾವ ಕಪ್ಪೆ ಕೂಗಿತು ಎಂಬುದನ್ನು ನಾನೂ ಬರೆಯಲಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಜಗತ್ತಿನ ಎಂಟು ಸಾವಿರ ಬಗೆಯ ಉಭಯಚರಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ವರದಿ ಪ್ರಕಾರ, ಅವುಗಳಲ್ಲಿ ಶೇ 41ರಷ್ಟು ಅಳಿವಿನ ಅಂಚಿನಲ್ಲಿವೆ. ಯಾವುದು ಕಡಿಮೆಯಾಯಿತು ಎಂದು ಹೇಳಲು ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕು. ನಮ್ಮೂರ ಕಟ್ಟೆಯ ಲೆಕ್ಕ ಯಾವ ಮ್ಯೂಸಿಯಂನಲ್ಲೂ ಇಲ್ಲ. ರಾಯರ ಸೀಸೆಗಳ ಗತಿ ನೋಡಿದಿರಿ. ತಾತನ ತಲೆಯಲ್ಲಿರುವುದೂ ತಾತನ ಜೊತೆಗೇ ಹೋಗುತ್ತದೆ.

ಈಗ ನಿಮ್ಮ ಕೈಯಲ್ಲಿ ಫೋನ್ ಇದೆ. ಜೆರ್ಡನ್‌ಗಾಗಲಿ ನಾರಾಯಣ ರಾಯರಿಗಾಗಲಿ ಜೇಬಿನಲ್ಲಿ ದನಿ ಹಿಡಿಯುವ ಯಂತ್ರ ಇರಲಿಲ್ಲ. ಮುಂದಿನ ಮಳೆಯ ರಾತ್ರಿ ಕಟ್ಟೆಯ ಹತ್ತಿರ ಎರಡು ನಿಮಿಷ ರೆಕಾರ್ಡ್ ಮಾಡಿ. ತಾರೀಖು, ಊರು, ಕೆರೆಯ ಹೆಸರು, ಯಾವ ಮಳೆ, ಕೃತ್ತಿಕೆಯೋ ರೋಹಿಣಿಯೋ ಮೃಗಶಿರವೋ, ಇಷ್ಟು ಬರೆದಿಡಿ. ಫೋಟೊ ತೆಗೆದರೆ ಬೆನ್ನು, ಪಕ್ಕ, ಬೆರಳು ಕಾಣುವ ಹಾಗೆ ಮೂರು ತೆಗೆಯಿರಿ. ಹಿಡಿಯುವ ಅಗತ್ಯವಿಲ್ಲ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿದ್ದರೆ ಒಂದು ಕಡೆ ಹಳೇ ಗೋಣಿಚೀಲ ಇಳಿಬಿಡಿ. ಜಾರುವ ಪ್ಲಾಸ್ಟಿಕ್ ಮೇಲೆ ಹತ್ತಲಾಗದ ಕಪ್ಪೆಗೆ ಅದೇ ಏಣಿ. ಇನ್ನು ಹಳದಿ ಕಪ್ಪೆಯ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ.

ಆ ದಿನ ತಾತನ ಮಾತು ಕೇಳಿ ಬಂದು ನಾನು ತಿದ್ದುಪಡಿ ಬರೆದು ಕಳಿಸಿದ್ದೆ. ಅದು ಅಚ್ಚಾಗಲಿಲ್ಲ. ನಾನೂ ಮತ್ತೆ ಕೇಳಲಿಲ್ಲ, ನಾಚಿಕೆ ಇತ್ತು. ಆದ್ದರಿಂದ ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ: ಹಿರಿಯೂರು ತಾಲ್ಲೂಕಿನ ಗೋಕಟ್ಟೆಯಲ್ಲಿ ಕಂಡದ್ದು ವಿದೇಶಿ ಕಪ್ಪೆಯಲ್ಲ, ವಿಷದ ಕಪ್ಪೆಯೂ ಅಲ್ಲ. ಅದು ನಮ್ಮ ಗೊಂಕುರು ಕಪ್ಪೆ. ಮಳೆ ಬಂತೆಂದು ಮದುವೆಗೆ ಬಂದಿತ್ತು. ತಪ್ಪು ನನ್ನದು.